ಕಡಿಮೆ ವೆಚ್ಚದ ಚಿಪ್ ಪ್ರೋಗ್ರಾಮರ್: ಪಿಕ್, ಎವಿಆರ್ ಎರಡಕ್ಕೂ ಒಂದೇ ಬೋರ್ಡ್ ಸಾಧ್ಯವೇ?

ಬದಿಯಡ್ಕ_ತೋಟಗಾರ

ಅಡಿಕೆ ತೋಟದ ಪಂಪನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಟೈಮರ್, ಟ್ಯಾಂಕಿನ ನೀರಿನ ಮಟ್ಟ ನೋಡುವ ಸರ್ಕ್ಯೂಟ್ ಮುಂತಾದವುಗಳನ್ನು ಬಿಡುವಿನಲ್ಲಿ ಕಟ್ಟುವ ಹವ್ಯಾಸ ನನ್ನದು. ಇಂಥ ಕೆಲಸಕ್ಕೆ ಎಂಟು ಕಾಲಿನ (ಪಿನ್) ಮೈಕ್ರೋಕಂಟ್ರೋಲರ್ ಚಿಪ್ಪು, ಅಂದರೆ ಪಿಕ್ ಬಳಗದ 12ಎಫ್675 ಅಥವಾ ಎವಿಆರ್ ಬಳಗದ ಎಟಿಟೈನಿ85, ಧಾರಾಳವಾಗಿ ಸಾಕು. ಚಿಪ್ಪೇನೋ ಅಗ್ಗ, ಆದರೆ ಅದಕ್ಕೆ ಪ್ರೋಗ್ರಾಂ ತುಂಬುವ ಸಾಧನದ ಬೆಲೆ ಚಿಪ್ಪಿನ ಬೆಲೆಯ ಹಲವು ಪಟ್ಟು ಆಗಿಬಿಡುತ್ತದೆ. ನಮ್ಮೂರಿನ ಕನ್ನಡ ಮಾಧ್ಯಮ ಹೈಸ್ಕೂಲಿನ ಲಿಟಲ್ ಕೈಟ್ಸ್ (ಕೇರಳದ ಶಾಲೆಗಳ ಐಟಿ ಕ್ಲಬ್) ಘಟಕದ ಮಕ್ಕಳೂ ಇದರಲ್ಲಿ ಆಸಕ್ತಿ ತೋರಿದ್ದಾರೆ. ಅವರಿಗೆ ಆರ್ಡುಯಿನೋ ಎಂಬ ಕಲಿಕೆಯ ಮೈಕ್ರೋಕಂಟ್ರೋಲರ್ ಬೋರ್ಡ್ ಗೊತ್ತು, ಆದರೆ ಬೋರ್ಡಿನಿಂದ ಹೊರಗಿರುವ ಬರಿಯ ಚಿಪ್ಪಿನೊಳಗೆ ಪ್ರೋಗ್ರಾಂ ಹೇಗೆ ಹೋಗಿ ಕೂರುತ್ತದೆ ಎಂಬುದನ್ನು ಅವರು ನೋಡಿಲ್ಲ.

ನನ್ನ ಯೋಚನೆ ಹೀಗಿದೆ. ಆರ್ಡುಯಿನೋದ ಚಿಕ್ಕ ಬೋರ್ಡಾದ ನ್ಯಾನೋ ಒಂದನ್ನು ನಡುವೆ ಇಟ್ಟು, ಸುತ್ತಲೂ ಕೆಲವು ಟ್ರಾನ್ಸಿಸ್ಟರ್, ರೆಸಿಸ್ಟರುಗಳನ್ನು ಜೋಡಿಸಿ, ಎರಡೂ ಬಳಗದ ಚಿಪ್ಪುಗಳಿಗೆ ಆಗುವ ಪ್ರೋಗ್ರಾಮರ್ ಮಾಡಬೇಕು. ನ್ಯಾನೋ ಬಿಟ್ಟು ಉಳಿದ ಖರ್ಚು 300 ರೂಪಾಯಿಯೊಳಗೆ ನಿಲ್ಲಬೇಕು, ಬಿಡಿಭಾಗಗಳೆಲ್ಲ ಮಂಗಳೂರಿಗೆ ಒಮ್ಮೆ ಹೋದರೆ ಸಿಗುವಂಥವಾಗಿರಬೇಕು, ಶಾಲೆಯ ಕಂಪ್ಯೂಟರುಗಳಲ್ಲಿರುವ ಕೈಟ್ ಗ್ನೂ/ಲಿನಕ್ಸ್‌ನಲ್ಲಿ ಕೆಲಸ ಮಾಡಬೇಕು. ಇದು ಸಾಧ್ಯವೇ? ಸಾಧ್ಯವಾದರೆ ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉಪ್ಪಳ_ರೇಡಿಯೋ

ಸಾಧ್ಯವಿದೆ. ಆದರೆ ಮೊದಲು ಒಂದು ದಾರಿಯನ್ನು ಮುಚ್ಚಿಬಿಡುತ್ತೇನೆ, ಏಕೆಂದರೆ ಹುಡುಕಿದವರಿಗೆ ಮೊದಲು ಸಿಗುವುದು ಅದೇ. ಹಳೆಯ ಕಾಲದ ಜೆಡಿಎಂ ಮಾದರಿಯ ಪಿಕ್ ಪ್ರೋಗ್ರಾಮರ್ ಕಂಪ್ಯೂಟರಿನ ಸೀರಿಯಲ್ ಪೋರ್ಟಿನಿಂದಲೇ ವಿದ್ಯುತ್ತು ಪಡೆಯುತ್ತಿತ್ತು. ಆ ಪೋರ್ಟಿನಲ್ಲಿ ಧನ ಮತ್ತು ಋಣ ಎರಡೂ ವೋಲ್ಟೇಜು ಇರುತ್ತಿದ್ದುದರಿಂದ, ಅವೆರಡರ ಅಂತರವನ್ನು ಬಳಸಿಕೊಂಡು ಪಿಕ್ ಚಿಪ್ಪಿಗೆ ಬೇಕಾದ ಹೆಚ್ಚಿನ ವೋಲ್ಟೇಜನ್ನು ಬಹುಮಟ್ಟಿಗೆ ಪುಕ್ಕಟೆಯಾಗಿ ಪಡೆಯುವ ಜಾಣ ವಿನ್ಯಾಸ ಅದು. ಲ್ಯಾಪ್‌ಟಾಪುಗಳು ಬಂದ ಮೇಲೆ ಆ ವೋಲ್ಟೇಜು ಕುಗ್ಗಿತು, ಆಮೇಲೆ ಪೋರ್ಟೇ ಇಲ್ಲವಾಯಿತು.

ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಹಾಕಿದರೆ ಸರಿಹೋಗುತ್ತದೆಂದು ಹಲವರು ನಂಬುತ್ತಾರೆ. ವೋಲ್ಟೇಜಿನ ಮಾತು ಹಾಗಿರಲಿ, ವೇಗದ ಲೆಕ್ಕವನ್ನೇ ನೋಡಿ. ಫುಲ್ ಸ್ಪೀಡ್ ಯುಎಸ್‌ಬಿಯ ಒಂದು ಫ್ರೇಮ್ 1 ಮಿಲಿಸೆಕೆಂಡಿನದು. ಕಂಪ್ಯೂಟರೇ ಒಂದೊಂದು ಕಾಲನ್ನು ಏರಿಸಿ ಇಳಿಸುವ ಪದ್ಧತಿಯಲ್ಲಿ ಪ್ರತಿ ಬಿಟ್‌ಗೆ ಕನಿಷ್ಠ ಎರಡು ಬದಲಾವಣೆ ಬೇಕು. ಪಿಕ್ 12ಎಫ್675ರ ಒಂದು ವರ್ಡ್ (14 ಬಿಟ್‌ಗಳ ಒಂದು ಸ್ಥಾನ) ಬರೆಯಲು ಆದೇಶ, ದತ್ತಾಂಶ, ವಿಳಾಸವನ್ನು ಮುಂದಕ್ಕೆ ಸರಿಸುವುದು ಎಲ್ಲ ಸೇರಿ 34 ಬಿಟ್, ಅಂದರೆ ಸುಮಾರು 68 ಮಿಲಿಸೆಕೆಂಡ್. ಚಿಪ್ಪಿನಲ್ಲಿ 1024 ವರ್ಡ್ ಇವೆ. ಬರೆಯಲೇ ಒಂದು ನಿಮಿಷಕ್ಕೂ ಹೆಚ್ಚು ಬೇಕು, ಓದಿ ತಾಳೆ ನೋಡಲು ಮತ್ತೆ ಅಷ್ಟೇ. ನಡುವೆ ನ್ಯಾನೋ ಇದ್ದರೆ ಕಂಪ್ಯೂಟರು ದತ್ತಾಂಶದ ಗುಂಪನ್ನು ಕಳುಹಿಸಿ ಸುಮ್ಮನಿರುತ್ತದೆ, ಕಾಲುಗಳ ಕುಣಿತವನ್ನು ನ್ಯಾನೋ ನೋಡಿಕೊಳ್ಳುತ್ತದೆ; ಇಡೀ ಚಿಪ್ಪನ್ನು ಬರೆಯಲು ಮೂರು ಸೆಕೆಂಡಿನ ಆಸುಪಾಸು ಸಾಕು. ಆದ್ದರಿಂದ ನಿಮ್ಮ ಮೂಲ ಆಯ್ಕೆ ಸರಿಯಾಗಿದೆ.

ಮಂಜೇಶ್ವರ_ಎವಿಆರ್

ಎವಿಆರ್ ಮಟ್ಟಿಗೆ ಹೊಸದಾಗಿ ವಿನ್ಯಾಸ ಮಾಡಬೇಕಾದದ್ದು ಏನೂ ಇಲ್ಲವೆಂದೇ ನನ್ನ ಅಭಿಪ್ರಾಯ. ಥಾಮಸ್ ಫಿಶಲ್ ಅವರು ಎಟಿಮೆಗಾ8 ಚಿಪ್ಪಿನಿಂದ ಮಾಡಿದ ಯುಎಸ್‌ಬಿಎಎಸ್‌ಪಿ ಎಂಬ ಎವಿಆರ್ ಪ್ರೋಗ್ರಾಮರಿನ ನಕ್ಷೆ ಮತ್ತು ಫರ್ಮ್‌ವೇರ್ ಎರಡೂ ಮುಕ್ತವಾಗಿ ಲಭ್ಯವಿವೆ. ಅದರ ನಕಲುಗಳು ಬಿಡಿಭಾಗಗಳ ಬೆಲೆಗೇ ಸಿಗುತ್ತವೆ. ಆದರೆ ಕೈಯಾರೆ ಕಟ್ಟುವವರಿಗೆ ಅದರಲ್ಲಿ ಒಂದು ತೊಡಕಿದೆ: ಪ್ರೋಗ್ರಾಮರಿನೊಳಗಿನ ಎಟಿಮೆಗಾ8ಕ್ಕೆ ಪ್ರೋಗ್ರಾಂ ತುಂಬಲು ಇನ್ನೊಂದು ಪ್ರೋಗ್ರಾಮರ್ ಬೇಕು. ನ್ಯಾನೋದಲ್ಲಿ ಯುಎಸ್‌ಬಿಯಿಂದಲೇ ಪ್ರೋಗ್ರಾಂ ತುಂಬಿಕೊಳ್ಳುವ ಬೂಟ್‌ಲೋಡರ್ ಮೊದಲೇ ಇರುವುದರಿಂದ ಆ ಸಮಸ್ಯೆ ಬರುವುದಿಲ್ಲ. ಆರ್ಡುಯಿನೋ ತಂತ್ರಾಂಶದ ಉದಾಹರಣೆಗಳಲ್ಲೇ ಇರುವ ಆರ್ಡುಯಿನೋಐಎಸ್‌ಪಿ ಸ್ಕೆಚ್ಚನ್ನು (ಪ್ರೋಗ್ರಾಮನ್ನು) ನ್ಯಾನೋಗೆ ಹಾಕಿ, ಅದರ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ, ಪೋರ್ಟ್ ತೆರೆದಾಗಲೆಲ್ಲ ನ್ಯಾನೋ ತಾನೇ ರೀಸೆಟ್ ಆಗುವುದು ನಿಲ್ಲುತ್ತದೆ, ಕಂಪ್ಯೂಟರಿನಲ್ಲಿ ಓಡುವ ಏವಿಆರ್‌ಡ್ಯೂಡ್ ಎಂಬ ತಂತ್ರಾಂಶ ಅದನ್ನು ಪ್ರೋಗ್ರಾಮರ್ ಎಂದು ಒಪ್ಪಿಕೊಳ್ಳುತ್ತದೆ.

ಮಕ್ಕಳು ಮಾಡುವ ಎವಿಆರ್ ಪ್ರಯೋಗಗಳಲ್ಲಿ ಕೈಕೊಡುವುದು ಬಹುಪಾಲು ಎರಡೇ ಸಂಗತಿಗಳು. ಮೊದಲನೆಯದು ಎಸ್‌ಸಿಕೆ ಗಡಿಯಾರದ, ಅಂದರೆ ದತ್ತಾಂಶದ ಬಿಟ್‌ಗಳಿಗೆ ತಾಳ ಹಾಕುವ ಸಂಕೇತದ, ವೇಗ. ಅದು ಗುರಿ ಚಿಪ್ಪಿನ ಗಡಿಯಾರದ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಎಟಿಟೈನಿ85 ಕಾರ್ಖಾನೆಯಿಂದ ಬರುವಾಗ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ, ಹಾಗಾಗಿ 250 ಕಿಲೋಹರ್ಟ್ಸ್ ಮೀರಬಾರದು. ಎರಡನೆಯದು ಫ್ಯೂಸ್ ಬಿಟ್‌ಗಳು, ಅಂದರೆ ಚಿಪ್ಪಿನ ಮೂಲ ಹೊಂದಾಣಿಕೆಗಳು. ಹೊರಗಿನ ಕ್ರಿಸ್ಟಲ್ ಎಂದು ಫ್ಯೂಸ್ ಬರೆದು ಕ್ರಿಸ್ಟಲ್ ಹಾಕದಿದ್ದರೆ ಚಿಪ್ಪು ಮೌನವಾಗುತ್ತದೆ. ಅದಕ್ಕೆ ನ್ಯಾನೋದ ಒಂದು ಕಾಲಿನಿಂದ ಗಡಿಯಾರದ ಸಂಕೇತ ಕೊಟ್ಟರೆ ಮತ್ತೆ ಮಾತಾಡುತ್ತದೆ. ರೀಸೆಟ್ ಕಾಲನ್ನೇ ಸಾಮಾನ್ಯ ಕಾಲಾಗಿ ಬದಲಿಸುವ ಫ್ಯೂಸ್ ಬರೆದರೆ ಮಾತ್ರ ಆ ಉಪಾಯವೂ ನಡೆಯದು, 12 ವೋಲ್ಟ್ ಬೇಕು. ನನ್ನ ಸಲಹೆಯೆಂದರೆ ಪಿಕ್ ಅನ್ನು ಕೈಬಿಟ್ಟು ಎವಿಆರ್ ಒಂದನ್ನೇ ಹಿಡಿಯಿರಿ.

ಬದಿಯಡ್ಕ_ತೋಟಗಾರ

ಪಿಕ್ ಕೈಬಿಡಲು ಮನಸ್ಸಿಲ್ಲ. ತೋಟಗಳಲ್ಲಿ ಈಗಾಗಲೇ ಓಡುತ್ತಿರುವ ಟೈಮರುಗಳಲ್ಲಿ ಇರುವುದು ಅದೇ ಚಿಪ್ಪು, ಅವುಗಳ ಪ್ರೋಗ್ರಾಂ ತಿದ್ದುವ ಕೆಲಸ ಬರುತ್ತಲೇ ಇರುತ್ತದೆ. 12 ವೋಲ್ಟ್ ಎವಿಆರ್‌ಗೂ ಒಮ್ಮೊಮ್ಮೆ ಬೇಕಾಗುವುದಾದರೆ ಎರಡಕ್ಕೂ ಒಂದೇ ಮೂಲದಿಂದ ಕೊಡಬಹುದಲ್ಲವೇ?

ಮಾಸ್ಟ್ರು_ಮುಳಿಯಾರು

ಕೊಡಬಹುದು, ಈ ಯೋಜನೆಯ ತಿರುಳು ಇರುವುದೂ ಅಲ್ಲಿಯೇ. ಅಗ್ಗದ ಪ್ರೋಗ್ರಾಮರುಗಳ ಒಳ್ಳೆಯದು ಕೆಟ್ಟದ್ದನ್ನು ತೀರ್ಮಾನಿಸುವುದು ಅವು ಹೆಚ್ಚಿನ ವೋಲ್ಟೇಜನ್ನು ಹೇಗೆ ಹುಟ್ಟಿಸುತ್ತವೆ, ಹೇಗೆ ಹಿಡಿತದಲ್ಲಿಡುತ್ತವೆ ಎಂಬುದು. ಉಳಿದದ್ದೆಲ್ಲ ತಂತ್ರಾಂಶದ ಕೆಲಸ, ತಪ್ಪಿದರೆ ತಿದ್ದಬಹುದು. ಮಿತಿಮೀರಿದ ವೋಲ್ಟೇಜಿನಿಂದ ಸತ್ತ ಚಿಪ್ಪನ್ನು ತಿದ್ದಲಾಗುವುದಿಲ್ಲ.

ಯುಎಸ್‌ಬಿಯ 5 ವೋಲ್ಟನ್ನು ಏರಿಸಲು ಬೂಸ್ಟ್ ಪರಿವರ್ತಕ ಬೇಕು. ಇದಕ್ಕೆ ಪ್ರತ್ಯೇಕ ಐಸಿ ಬೇಡ. ನ್ಯಾನೋದ ಟೈಮರನ್ನು ಪೂರ್ವಭಾಜಕವಿಲ್ಲದೆ 8 ಬಿಟ್ ವೇಗದ ಪಿಡಬ್ಲ್ಯೂಎಂ (ಆನ್-ಆಫ್ ಮಿಡಿತ) ಆಗಿ ಓಡಿಸಿದರೆ 16 ಮೆಗಾಹರ್ಟ್ಸ್ ಭಾಗಿಸು 256, ಅಂದರೆ 62.5 ಕಿಲೋಹರ್ಟ್ಸ್ ಸಿಗುತ್ತದೆ. ಒಂದು ಆವರ್ತನೆ 16 ಮೈಕ್ರೋಸೆಕೆಂಡ್. ಅರ್ಧ ಕಾಲ ಬಿಸಿ547 ಟ್ರಾನ್ಸಿಸ್ಟರ್ ಆನ್ ಇದ್ದು, 680 ಮೈಕ್ರೋಹೆನ್ರಿಯ ಇಂಡಕ್ಟರ್ ಬಳಸಿದರೆ, ಅದರ ಗರಿಷ್ಠ ಪ್ರವಾಹ 5 ಗುಣಿಸು 8 ಭಾಗಿಸು 680, ಸುಮಾರು 59 ಮಿಲಿಆಂಪಿಯರ್. ಬಿಸಿ547ರ ಮಿತಿ 100 ಮಿಲಿಆಂಪಿಯರ್ ಆದುದರಿಂದ ಸುರಕ್ಷಿತ. ಪ್ರತಿ ಆವರ್ತನೆಯಲ್ಲಿ ಇಂಡಕ್ಟರಿನಲ್ಲಿ ಕೂಡುವ ಶಕ್ತಿಯನ್ನು ಲೆಕ್ಕ ಹಾಕಿದರೆ ಸುಮಾರು 73 ಮಿಲಿವಾಟ್ ಬರುತ್ತದೆ, 12 ವೋಲ್ಟ್ ಆಸುಪಾಸಿನಲ್ಲಿ ಅದು ಹೆಚ್ಚೆಂದರೆ 9 ಮಿಲಿಆಂಪಿಯರ್ ಹೊರಗೆ ಕೊಡಬಲ್ಲುದು. ನಷ್ಟಗಳನ್ನು ಕಳೆದು ಅರ್ಧವೇ ಉಳಿದರೂ ಚಿಂತೆಯಿಲ್ಲ, ಪಿಕ್ ಚಿಪ್ಪಿನ ವಿಪಿಪಿ (ಪ್ರೋಗ್ರಾಮಿಂಗ್ ವೋಲ್ಟೇಜು) ಕಾಲು ಎಳೆಯುವ ಪ್ರವಾಹ ಅದಕ್ಕಿಂತ ಬಹಳ ಕಡಿಮೆ.

ಇನ್ನು ಹಿಡಿತದ ಪ್ರಶ್ನೆ. ಭಾರವಿಲ್ಲದ ಬೂಸ್ಟ್ ಪರಿವರ್ತಕದ ವೋಲ್ಟೇಜು ಏರುತ್ತಲೇ ಹೋಗುತ್ತದೆ. ಪಿಕ್‌ಕಿಟ್ 2 ಎಂಬ ಪಿಕ್ ಪ್ರೋಗ್ರಾಮರಿನಲ್ಲಿ ವೋಲ್ಟೇಜನ್ನು ಎಡಿಸಿಯಿಂದ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗ) ಅಳೆದು ಪಿಡಬ್ಲ್ಯೂಎಂ ಅನ್ನು ಹೊಂದಿಸುತ್ತಾರೆ. ಆ ದಾರಿಯಲ್ಲಿ ನಡುವೆ ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ವೋಲ್ಟೇಜು ಕೈತಪ್ಪಬಹುದು. ಅಲ್ಲದೆ ಯುಎಸ್‌ಬಿಯ 5 ವೋಲ್ಟನ್ನೇ ಅಳತೆಗೋಲಾಗಿ ಬಳಸಿದರೆ ಆ ಅಳತೆಗೋಲೇ ಅಲುಗಾಡುತ್ತಿರುತ್ತದೆ. ನಾನು ಮೆಚ್ಚುವುದು ವೋಲ್ಟೇಜನ್ನು ಕಟ್ಟಿ ನಿಲ್ಲಿಸುವ ಟಿಎಲ್431 ಎಂಬ ಪುಟ್ಟ ಬಿಡಿಭಾಗ. ಹಾಳಾದ ಕಂಪ್ಯೂಟರ್ ಎಸ್‌ಎಂಪಿಎಸ್‌ಗಳಲ್ಲೂ ಅದು ಸಾಮಾನ್ಯವಾಗಿ ಸಿಗುತ್ತದೆ. ಅದರ ಒಳಗಿನ ಆಧಾರ ವೋಲ್ಟೇಜು 2.495. ಮೇಲೆ 39 ಕಿಲೋಓಮ್, ಕೆಳಗೆ 10 ಕಿಲೋಓಮ್ ಇಟ್ಟು ಹೊರವೋಲ್ಟೇಜಿಗೆ ಅಡ್ಡಲಾಗಿ ಜೋಡಿಸಿದರೆ ಅದು 12.3ರಲ್ಲಿ ಕಟ್ಟಿ ನಿಲ್ಲಿಸುತ್ತದೆ, ಹೆಚ್ಚುವರಿ ಪ್ರವಾಹವನ್ನೆಲ್ಲ ತಾನೇ ನುಂಗುತ್ತದೆ. ಒಟ್ಟು 9 ಮಿಲಿಆಂಪಿಯರ್ ಮಾತ್ರ ಇರುವುದರಿಂದ ಅದು ಬಿಸಿಯಾಗುವ ಭಯವೂ ಇಲ್ಲ. ಕೆಪಾಸಿಟರ್ ಮಾತ್ರ 47 ಮೈಕ್ರೋಫ್ಯಾರಡ್ ಇರಲಿ, ಸಣ್ಣ ಬೆಲೆಗಳಲ್ಲಿ ಟಿಎಲ್431 ಆಂದೋಲನಕ್ಕೆ ತೊಡಗುವುದುಂಟು.

ಟೀಚರ್_ನೀರ್ಚಾಲು

ಮಾಸ್ಟ್ರೇ, 12.3 ಎಂಬ ಸಂಖ್ಯೆಯನ್ನೇ ಆರಿಸಿದ್ದಕ್ಕೆ ಕಾರಣವಿದೆಯೇ? ಮಕ್ಕಳು ಖಂಡಿತ ಕೇಳುತ್ತಾರೆ. ಮತ್ತೆ, ಶಾಲೆಯಲ್ಲಿರುವುದು ಸಾಮಾನ್ಯ ಕಾರ್ಬನ್ ರೆಸಿಸ್ಟರುಗಳು, ಬಂಗಾರದ ಪಟ್ಟಿ (ಶೇಕಡಾ 5ರ ನಿಖರತೆ) ಇರುವಂಥವು. ಅವು ಸಾಕಾಗುತ್ತವೆಯೇ?

ಮಾಸ್ಟ್ರು_ಮುಳಿಯಾರು

ಟೀಚರ್, ಎರಡೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಳೆಯ ಪಿಕ್ 16ಎಫ್84ಎ ಕೇಳುವುದು 12ರಿಂದ 14 ವೋಲ್ಟ್. 12ಎಫ್675, 16ಎಫ್877ಎ ಮುಂತಾದವುಗಳ ಮೇಲ್ಮಿತಿ 13.5. ಎವಿಆರ್ ಚಿಪ್ಪುಗಳನ್ನು ಹೆಚ್ಚಿನ ವೋಲ್ಟೇಜಿನಿಂದ ಬದುಕಿಸುವಾಗ ರೀಸೆಟ್ ಕಾಲಿಗೆ ಬೇಕಾದದ್ದು 11.5ರಿಂದ 12.5. ಇವೆಲ್ಲಕ್ಕೂ ಒಪ್ಪುವ ಕಿಂಡಿ 12.0ರಿಂದ 12.5ರವರೆಗೆ ಮಾತ್ರ ತೆರೆದಿದೆ. ಅರ್ಧ ವೋಲ್ಟಿನ ಆ ಕಿಂಡಿಯಲ್ಲಿ ನಿಲ್ಲಲು ಶೇಕಡಾ 5ರ ರೆಸಿಸ್ಟರುಗಳಿಗೆ ಸಾಧ್ಯವಿಲ್ಲ: ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ವಾಲಿದರೆ ಫಲಿತಾಂಶ 11.4ರಿಂದ 13.3ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನೂ, ಶೇಕಡಾ 1ರ ನಿಖರತೆಯ ಟಿಎಲ್431ಎ ಎಂಬುದನ್ನೂ ಕೊಳ್ಳಿರಿ. ಕೊನೆಯ ಮಾತು ಮಲ್ಟಿಮೀಟರಿನದು. ಸಾಕೆಟ್ಟಿನಲ್ಲಿ ಚಿಪ್ಪಿಲ್ಲದೆ ವೋಲ್ಟೇಜು ಅಳೆದು ನೋಡದೆ ಈ ಬೋರ್ಡನ್ನು ಮಕ್ಕಳ ಕೈಗೆ ಕೊಡಬಾರದು. 300 ರೂಪಾಯಿಯ ಮಿತಿಯಲ್ಲಿ ಹಣ ಎಲ್ಲಿ ಉಳಿಸಬೇಕು ಎಂದರೆ ಪೆಟ್ಟಿಗೆಯಲ್ಲಿ, ಸಾಕೆಟ್ಟಿನಲ್ಲಿ ಉಳಿಸಿ, ಈ ಮೂರು ಬಿಡಿಭಾಗಗಳಲ್ಲಿ ಬೇಡ.

ಪೆರ್ಲ_ಡಿಪ್ಲೊಮಾ

ನಾನು ಡಿಪ್ಲೊಮಾ ವಿದ್ಯಾರ್ಥಿ. ನಮ್ಮ ಪ್ರಾಜೆಕ್ಟಿಗೆ ಪಿಕ್ 16ಎಫ್1 ಎಂದು ಆರಂಭವಾಗುವ ಹೊಸ ಸರಣಿಯ ಚಿಪ್ ಇದೆ. ಅದನ್ನೂ ಇದೇ ಬೋರ್ಡಿನಲ್ಲಿ ಹಾಕಬಹುದೇ ಸರ್?

ಮಾಸ್ಟ್ರು_ಮುಳಿಯಾರು

12 ವೋಲ್ಟ್ ಕೊಟ್ಟರೆ ಆ ಚಿಪ್ಪು ಹಾಳಾಗುತ್ತದೆ, ಅದರ ವಿಪಿಪಿ ಮೇಲ್ಮಿತಿ 9 ವೋಲ್ಟ್ ಮಾತ್ರ. ಆದರೆ ಅದಕ್ಕೆ ಹೆಚ್ಚಿನ ವೋಲ್ಟೇಜೇ ಬೇಡ. ಎಂಸಿಎಲ್‌ಆರ್ (ರೀಸೆಟ್) ಕಾಲನ್ನು ಕೆಳಗೆ, ಅಂದರೆ 0 ವೋಲ್ಟಿನಲ್ಲಿ, ಹಿಡಿದು 32 ಬಿಟ್‌ಗಳ ಒಂದು ಗುಪ್ತ ಸಂಕೇತವನ್ನು ಕಳುಹಿಸಿದರೆ ಅದು ಪ್ರೋಗ್ರಾಮಿಂಗ್ ಸ್ಥಿತಿಗೆ ಬರುತ್ತದೆ. ಕಾರ್ಖಾನೆಯಿಂದ ಬರುವಾಗಲೇ ಈ ಸೌಲಭ್ಯ ತೆರೆದಿರುತ್ತದೆ, ಮತ್ತು ಕಡಿಮೆ ವೋಲ್ಟೇಜಿನ ದಾರಿಯಿಂದ ಒಳಬಂದವರಿಗೆ ಆ ಸೌಲಭ್ಯವನ್ನು ಮುಚ್ಚಲು ಅವಕಾಶವಿಲ್ಲ, ಆದ್ದರಿಂದ ನಿಮ್ಮನ್ನು ನೀವೇ ಹೊರಗೆ ಹಾಕಿಕೊಳ್ಳುವ ಅಪಾಯವೂ ಇಲ್ಲ. ಬೋರ್ಡಿನಲ್ಲಿ ಬೂಸ್ಟ್ ಭಾಗವನ್ನು ಬೇರ್ಪಡಿಸುವ ಜಂಪರ್ ಒಂದಿರಲಿ. ಹೊಸ ಸರಣಿಯ ಚಿಪ್ಪಿಟ್ಟಾಗ ಅದನ್ನು ಕಿತ್ತು ಬದಿಗಿಡಿ, ತಂತ್ರಾಂಶದಲ್ಲಿ ಆರಿಸುವುದನ್ನು ಮಾತ್ರ ನಂಬಬೇಡಿ.

ಉಪ್ಪಳ_ರೇಡಿಯೋ

ಸ್ವಿಚ್ಚಿನ ಭಾಗದ ಬಗ್ಗೆ ನಾನೂ ಸ್ವಲ್ಪ ಸೇರಿಸುತ್ತೇನೆ. ಪಿಕ್ ಚಿಪ್ಪುಗಳು ವಿಪಿಪಿ ಥಟ್ಟನೆ ಏರಬೇಕೆಂದು ಬಯಸುತ್ತವೆ. ಹಲವು ಮಾದರಿಗಳಲ್ಲಿ ಈ ಏರಿಕೆ 1 ಮೈಕ್ರೋಸೆಕೆಂಡಿನೊಳಗೆ ಮುಗಿಯಬೇಕು. ಬೂಸ್ಟನ್ನು ಆನ್ ಮಾಡಿ ವೋಲ್ಟೇಜು ಮೆಲ್ಲಗೆ ಏರುವುದನ್ನು ಕಾಯುವುದರಿಂದ ಇದು ಆಗುವುದಿಲ್ಲ. ಮೊದಲು 47 ಮೈಕ್ರೋಫ್ಯಾರಡ್ ಕೆಪಾಸಿಟರ್ ತುಂಬಲಿ, ಆಮೇಲೆ ಬಿಸಿ557 ಪಿಎನ್‌ಪಿ ಟ್ರಾನ್ಸಿಸ್ಟರಿನ ಮೂಲಕ ಅದನ್ನು ಕಾಲಿಗೆ ಸೇರಿಸಬೇಕು. ಕೆಳಗೆ ಎಳೆಯಲು ಪ್ರತ್ಯೇಕ ಬಿಸಿ547. ಕಾಲಿಗೆ ಹೋಗುವ ದಾರಿಯಲ್ಲಿ 470 ಓಮ್ ಇರಲಿ, ಆದರೆ ಅದರಾಚೆ ಗ್ರೌಂಡಿಗೆ 10 ಕಿಲೋಓಮ್ ಕಟ್ಟಿದರೆ ಎರಡೂ ಸೇರಿ ವೋಲ್ಟೇಜನ್ನು 11.7ಕ್ಕೆ ಇಳಿಸುತ್ತವೆ, ಮಾಸ್ಟ್ರು ಅಷ್ಟು ಕಷ್ಟಪಟ್ಟು ಹುಡುಕಿದ ಕಿಂಡಿಯಿಂದ ಹೊರಗೆ. ಅಲ್ಲಿ 100 ಕಿಲೋಓಮ್ ಸಾಕು.

ನ್ಯಾನೋದ ಯಾವ ಕಾಲನ್ನೂ ವಿಪಿಪಿ ತಂತಿಗೆ ನೇರವಾಗಿ ಮುಟ್ಟಿಸಬಾರದು, ಟ್ರಾನ್ಸಿಸ್ಟರಿನ ಬೇಸ್ ಮೂಲಕವೇ ಆಡಿಸಬೇಕು. ನ್ಯಾನೋ ರೀಸೆಟ್ ಆಗುವ ಹೊತ್ತಿನಲ್ಲಿ ಅದರ ಕಾಲುಗಳೆಲ್ಲ ತೇಲಾಡುತ್ತಿರುತ್ತವೆ, ಆಗ 12 ವೋಲ್ಟ್ ತಾನಾಗಿ ಚಿಪ್ಪಿಗೆ ಹೋಗದಂತೆ ಎನ್‌ಪಿಎನ್ ಬೇಸುಗಳಿಗೆ ಗ್ರೌಂಡಿಗೂ, ಪಿಎನ್‌ಪಿ ಬೇಸಿಗೆ ಎಮಿಟರಿಗೂ 10 ಕಿಲೋಓಮ್ ಕಟ್ಟಿಡಿ.

ತೋಟದ ಟೈಮರುಗಳ ಬಗ್ಗೆ ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಅಗ್ಗದ ಟೈಮರುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ, ಕೆಪಾಸಿಟರ್ ಮೂಲಕ 230 ವೋಲ್ಟನ್ನು ಇಳಿಸುವ ಸರ್ಕ್ಯೂಟ್ ಇರುತ್ತದೆ. ಅದರ ಗ್ರೌಂಡು ಮೇನ್ಸಿನ ತಂತಿಯೊಂದಿಗೇ ಸೇರಿಕೊಂಡಿರುತ್ತದೆ. ಕರೆಂಟು ಇರುವಾಗ ಅದಕ್ಕೆ ಪ್ರೋಗ್ರಾಮರ್ ತಗುಲಿಸಿದರೆ ನ್ಯಾನೋ, ಲ್ಯಾಪ್‌ಟಾಪ್ ಸುಡುವುದು ಹಾಗಿರಲಿ, ಮುಟ್ಟಿದವರ ಜೀವಕ್ಕೇ ಅಪಾಯ. ಅಂಥ ಬೋರ್ಡುಗಳಲ್ಲಿ ಚಿಪ್ಪನ್ನು ಸಾಕೆಟ್ಟಿನಿಂದ ಕಿತ್ತು ತಂದೇ ಬರೆಯಬೇಕು, ಬೇರೆ ದಾರಿಯಿಲ್ಲ.

ಬದಿಯಡ್ಕ_ತೋಟಗಾರ

ಉಪ್ಪಳದ ಅಣ್ಣ, ಈ ಎಚ್ಚರಿಕೆಯನ್ನು ಬೋರ್ಡಿನ ಮೇಲೆಯೇ ಬರೆದು ಅಂಟಿಸುತ್ತೇನೆ. ಇನ್ನೊಂದು ಸಂಶಯ: ನೆರೆಯವರ ಕೆಟ್ಟ ಪಂಪ್ ಕಂಟ್ರೋಲರಿನ ಚಿಪ್ಪಿನಿಂದ ಪ್ರೋಗ್ರಾಂ ಓದಿ ಹೊಸ ಚಿಪ್ಪಿಗೆ ಹಾಕಿಕೊಡಿ ಎಂದು ಕೇಳುವವರಿದ್ದಾರೆ. ಅದು ಆದೀತೇ?

ಉಪ್ಪಳ_ರೇಡಿಯೋ

ಮಾರಾಟದ ಕಂಟ್ರೋಲರುಗಳಲ್ಲಿ ಕೋಡ್ ಪ್ರೊಟೆಕ್ಷನ್ (ಪ್ರೋಗ್ರಾಂ ಓದಲಾಗದಂತೆ ತಡೆ) ಹಾಕಿರುವುದೇ ವಾಡಿಕೆ. ಓದಿದರೆ ಪಿಕ್ ಬರಿಯ ಸೊನ್ನೆಗಳನ್ನು ಕೊಡುತ್ತದೆ. ಪೂರ್ತಿ ಅಳಿಸಿದರೆ ರಕ್ಷಣೆ ಹೋಗುತ್ತದೆ, ಜೊತೆಗೆ ಪ್ರೋಗ್ರಾಮೂ ಹೋಗುತ್ತದೆ. ಅದು ಇನ್ನೊಬ್ಬರ ದುಡಿಮೆಯೂ ಹೌದು. ಟೈಮರಿನ ಕೆಲಸ ಏನೆಂದು ತಿಳಿದಿದ್ದರೆ ಹೊಸದಾಗಿ ಬರೆಯುವುದೇ ಸುಲಭ.

ಮಂಜೇಶ್ವರ_ಎವಿಆರ್

ಒಪ್ಪಿದೆ, ಪಿಕ್ ಇರಲಿ. ಆದರೆ ಒಂದು ಮಿತಿಯನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು: 12 ವೋಲ್ಟಿನಿಂದ ಬದುಕಿಸುವ ಕೆಲಸ ಈ ಬೋರ್ಡಿನಲ್ಲಿ ಎಟಿಟೈನಿ85ರಂಥ 8 ಕಾಲಿನ ಮತ್ತು ಎಟಿಟೈನಿ84ರಂಥ 14 ಕಾಲಿನ ಚಿಪ್ಪುಗಳಿಗೆ ಮಾತ್ರ ಆಗುತ್ತದೆ, ಅವು ಸರಣಿ ಪದ್ಧತಿಯಲ್ಲಿ ಕೆಲವೇ ತಂತಿಗಳಿಂದ ಮಾತಾಡುತ್ತವೆ. 28 ಕಾಲಿನ ಎಟಿಮೆಗಾ8, ಎಟಿಮೆಗಾ328ಪಿಗಳಿಗೆ ಸಮಾಂತರ ಪದ್ಧತಿ ಬೇಕು, ಅಷ್ಟು ಕಾಲುಗಳು ನ್ಯಾನೋದಲ್ಲಿ ಉಳಿಯುವುದಿಲ್ಲ.

ಟೀಚರ್_ನೀರ್ಚಾಲು

ತಂತ್ರಾಂಶದ ಬಗ್ಗೆ ಕೇಳುವುದು ಉಳಿದಿದೆ. ಎವಿಆರ್‌ಗೆ ಏವಿಆರ್‌ಡ್ಯೂಡ್ ಇದೆ. ಪಿಕ್‌ಗೆ ಕಂಪ್ಯೂಟರಿನ ಕಡೆಯಿಂದ ಏನು ಮಾಡುವುದು? ನಮ್ಮ ಮಕ್ಕಳಿಗೆ ಪೈಥಾನ್ ಸ್ವಲ್ಪಮಟ್ಟಿಗೆ ಬರುತ್ತದೆ.

ಮಾಸ್ಟ್ರು_ಮುಳಿಯಾರು

ಹಾಗಾದರೆ ಪೈಥಾನಿನಲ್ಲೇ ಬರೆಸಿರಿ, ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು. ಚಿಪ್ಪಿಗೆ ತುಂಬುವ ಪ್ರೋಗ್ರಾಂ ಇರುವ ಇಂಟೆಲ್ ಹೆಕ್ಸ್ ಕಡತದ ಪ್ರತಿ ಸಾಲೂ ಕೋಲನ್ ಚಿಹ್ನೆಯಿಂದ ಆರಂಭವಾಗುತ್ತದೆ. ಉದ್ದ, ವಿಳಾಸ, ಬಗೆ, ದತ್ತಾಂಶ, ಕೊನೆಗೆ ಚೆಕ್‌ಸಮ್. ಸಾಲಿನ ಎಲ್ಲ ಬೈಟುಗಳನ್ನು ಕೂಡಿದಾಗ ಕೊನೆಯ ಬೈಟು ಸೊನ್ನೆಯಾದರೆ ಸಾಲು ಸರಿಯಿದೆ. ಪಿಕ್‌ನ ವಿಳಾಸಗಳು ಕಡತದಲ್ಲಿ ಇಮ್ಮಡಿಯಾಗಿರುತ್ತವೆ ಎಂಬುದನ್ನು ಮೊದಲೇ ಹೇಳಿಕೊಡಿ: ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಚಿಪ್ಪಿನ 2007 ಎಂಬ ವಿಳಾಸದ ಕಾನ್ಫಿಗರೇಷನ್ ವರ್ಡ್ (ಚಿಪ್ಪಿನ ಹೊಂದಾಣಿಕೆಗಳು) ಕಡತದಲ್ಲಿ 400ಇ ವಿಳಾಸದಲ್ಲಿ ಕಾಣಿಸುತ್ತದೆ. ನ್ಯಾನೋದ ಕಡೆಯಲ್ಲಿ ಆದೇಶ 6 ಬಿಟ್, ಬಳಿಕ ಆರಂಭ ಮತ್ತು ಅಂತ್ಯದ ಸೊನ್ನೆಗಳ ನಡುವೆ 14 ಬಿಟ್ ದತ್ತಾಂಶ, ಕಡಿಮೆ ಬೆಲೆಯ ಬಿಟ್ ಮೊದಲು. ಗಡಿಯಾರ ಇಳಿಯುವಾಗ ಚಿಪ್ಪು ಬಿಟ್ಟನ್ನು ಹಿಡಿದುಕೊಳ್ಳುತ್ತದೆ. ಶಾಲೆಯ ಲಿನಕ್ಸ್‌ನಲ್ಲಿ ಪೋರ್ಟ್ ತೆರೆಯಲು ಅನುಮತಿಯಿಲ್ಲ ಎಂಬ ಸಂದೇಶ ಬಂದರೆ, ಬಳಕೆದಾರರ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿದರಾಯಿತು.

12ಎಫ್675ರ ವಿಷಯದಲ್ಲಿ ಎರಡು ವಿಶೇಷಗಳಿವೆ. ಹಿಂದೆ ಬರೆದ ಪ್ರೋಗ್ರಾಂ ಒಳಗಿನ ಆಂದೋಲಕವನ್ನು (ಗಡಿಯಾರದ ಮೂಲ) ಬಳಸಿ, ಎಂಸಿಎಲ್‌ಆರ್ ಕಾಲನ್ನು ಸಾಮಾನ್ಯ ಇನ್‌ಪುಟ್ ಮಾಡಿಕೊಂಡಿದ್ದರೆ, 5 ವೋಲ್ಟ್ ಸಿಕ್ಕ ಕೂಡಲೇ ಓಡತೊಡಗುತ್ತದೆ ಮತ್ತು ದತ್ತಾಂಶದ ಕಾಲುಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಆದುದರಿಂದ ವಿಪಿಪಿ ಮೊದಲು, ವಿಡಿಡಿ (ಚಿಪ್ಪಿನ 5 ವೋಲ್ಟ್ ಪೂರೈಕೆ) ಆಮೇಲೆ. ಇದಕ್ಕಾಗಿ ವಿಡಿಡಿಯೂ ಸ್ವಿಚ್ಚಿನ ಹಿಡಿತದಲ್ಲಿರಬೇಕು. ಸಾಕೆಟ್ಟಿನಲ್ಲಿ ಒಂಟಿಯಾಗಿರುವ ಚಿಪ್ಪಿಗೆ ನ್ಯಾನೋದ ಒಂದು ಕಾಲಿನಿಂದಲೇ ಅದನ್ನು ಕೊಡಬಹುದು.

ಎರಡನೆಯದು, ಆಂದೋಲಕದ ಹೊಂದಾಣಿಕೆಯ ಬೆಲೆ. ಕಾರ್ಖಾನೆಯಲ್ಲಿ ಪ್ರತಿ ಚಿಪ್ಪಿಗೂ ಬೇರೆಬೇರೆಯಾಗಿ ಅಳೆದು, 3ಎಫ್‌ಎಫ್ ಎಂಬ ಕೊನೆಯ ವಿಳಾಸದಲ್ಲಿ 34ರಿಂದ ಆರಂಭವಾಗುವ ಆದೇಶವಾಗಿ ಬರೆದಿಟ್ಟಿರುತ್ತಾರೆ. ಪೂರ್ತಿ ಅಳಿಸಿದಾಗ ಅದೂ ಅಳಿಸಿಹೋಗುತ್ತದೆ. ಆ ವಿಳಾಸವನ್ನು ಕರೆಯುವ ಪ್ರೋಗ್ರಾಂ ಆಮೇಲೆ ಹಿಂದಿರುಗುವುದೇ ಇಲ್ಲ, ವಿಳಾಸ ಸೊನ್ನೆಗೆ ಉರುಳಿ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುತ್ತಿರುತ್ತದೆ. ನೋಡುವವರಿಗೆ ಚಿಪ್ಪು ಸತ್ತಂತೆ ಕಾಣುತ್ತದೆ. ಕಾನ್ಫಿಗರೇಷನ್ ವರ್ಡಿನ ಮೇಲಿನ ಎರಡು ಬಿಟ್‌ಗಳಲ್ಲಿ ಬ್ಯಾಂಡ್‌ಗ್ಯಾಪ್ (ಒಳಗಿನ ಆಧಾರ ವೋಲ್ಟೇಜು) ಹೊಂದಾಣಿಕೆಯೂ ಇದೆ. ಅಳಿಸುವ ಮೊದಲು ಎರಡನ್ನೂ ಓದಿ, ಕಂಪ್ಯೂಟರಿನಲ್ಲಿ ಉಳಿಸಿ, ಬರೆಯುವಾಗ ಹಿಂದಕ್ಕೆ ಸೇರಿಸುವುದು ಪೈಥಾನ್ ಪ್ರೋಗ್ರಾಮಿನ ಕೆಲಸ. ಓದಿದ ಬೆಲೆ 34ರಿಂದ ಆರಂಭವಾಗದಿದ್ದರೆ ಪ್ರೋಗ್ರಾಂ ಅಲ್ಲಿಯೇ ನಿಂತು ಬಳಕೆದಾರರನ್ನು ಕೇಳಬೇಕು.

ಪೆರ್ಲ_ಡಿಪ್ಲೊಮಾ

ಈಗಾಗಲೇ ಆ ಬೆಲೆ ಅಳಿಸಿಹೋಗಿರುವ ಚಿಪ್ಪನ್ನು ಎಸೆಯಬೇಕೇ ಸರ್? ನಮ್ಮ ಲ್ಯಾಬಿನಲ್ಲಿ ಅಂಥವು ಕೆಲವಿವೆ.

ಮಾಸ್ಟ್ರು_ಮುಳಿಯಾರು

ಎಸೆಯಬೇಕಾಗಿಲ್ಲ. ಒಳಗಿನ ಆಂದೋಲಕವನ್ನು ನಾಲ್ಕರಿಂದ ಭಾಗಿಸಿ ಒಂದು ಕಾಲಿನಲ್ಲಿ ಹೊರಗೆ ತೋರಿಸುವ ಆಯ್ಕೆ ಆ ಚಿಪ್ಪಿನ ಕಾನ್ಫಿಗರೇಷನ್‌ನಲ್ಲಿ ಇದೆ. ಹೊಂದಾಣಿಕೆ ರಿಜಿಸ್ಟರಿಗೆ ಒಂದೊಂದೇ ಬೆಲೆ ಹಾಕುವ ಸಣ್ಣ ಪ್ರೋಗ್ರಾಂ ಬರೆದು, ಆ ಕಾಲಿನ ಆವರ್ತನವನ್ನು ನ್ಯಾನೋದಿಂದ ಎಣಿಸಿರಿ. ನ್ಯಾನೋದ ಗಡಿಯಾರ ಕ್ರಿಸ್ಟಲಿನದೋ ಸೆರಾಮಿಕ್ ರೆಸೊನೇಟರಿನದೋ ನೋಡಿಕೊಳ್ಳಿ, ಎರಡನೆಯದಾದರೂ ಈ ಕೆಲಸಕ್ಕೆ ನಡೆಯುತ್ತದೆ. 1 ಮೆಗಾಹರ್ಟ್ಸ್‌ಗೆ ಅತ್ಯಂತ ಹತ್ತಿರ ಬಂದ ಬೆಲೆಯನ್ನು 3ಎಫ್‌ಎಫ್‌ಗೆ ಬರೆದು, ಚಿಪ್ಪಿನ ಬೆನ್ನಿನ ಮೇಲೂ ಶಾಯಿಯಿಂದ ಗುರುತು ಹಾಕಿಡಿ.